ಜೌಗುನೆಲದ ಬರ್ಚ್

ಬರ್ಚ್ ಉತ್ತರಗೋಳದ ತಂಪುನಾಡುಗಳ ಮರ. ಬೆಟುಲೇಸೀ ಕುಟುಂಬದ ಬೆಟುಲ ಜಾತಿಗೆ ಸೇರಿದ ಇದರ ಹತ್ತಾರು ಪ್ರಭೇದಗಳು ಯುರೋಪು, ಏಷ್ಯ ಮತ್ತು ಉತ್ತರ ಅಮೆರಿಕಗಳಲ್ಲಿ ಹರಡಿವೆ. ಹಲವಕ್ಕೆ ನೀರು ಬಸಿದುಹೋಗುವ ಮಣ್ಣು ಬೇಕು. ಕೆಲವು ಮಾತ್ರ ಬೇರೆ ಮರಗಳು ಬೇರೂರಲಾರದ ಕೆಸರಿನಲ್ಲಿ, ಯಾರೂ ನೆಡದೆ, ಯಾರ ಆರೈಕೆಯೂ ಇಲ್ಲದೆ ಹುಟ್ಟಿ ಕಾಡಾಗುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಬೆಟುಲ ಪ್ಯೂಬೆಸೆನ್ಸ್. ಎಳೆಗೊಂಬೆಗಳ ಮೇಲೆ ನವಿರಾದ ರೋಮಗಳಿರುವುದರಿಂದ ಇದನ್ನು ರೋಮಬರ್ಚ್ ಎನ್ನಬಹುದು. ಐಸ್‌ಲೆಂಡಿನಿಂದ ಸೈಬೀರಿಯದವರೆಗೆ ಜೌಗು ಎಲ್ಲಿದೆಯೋ ಅಲ್ಲೆಲ್ಲ ಇದರ ಬಿಳಿಬೂದು ಕಾಂಡ ಕಣ್ಣಿಗೆ ಬೀಳುತ್ತದೆ.

ಕನ್ನಡ ನಾಡಿನ ಕಾಡುಗಳಲ್ಲಿ ಬರ್ಚ್ ಇಲ್ಲ. ಆದರೂ ಅದರ ಹೆಸರು ನಮಗೆ ಹೊಸದಲ್ಲ. ಯಂತ್ರ ಬರೆಯಲು ಬಳಸುವ ಭೂರ್ಜಪತ್ರವೆಂದರೆ ಹಿಮಾಲಯದ ಬರ್ಚಿನ ತೊಗಟೆ. ಸಂಸ್ಕೃತದ ಭೂರ್ಜ, ಇಂಗ್ಲಿಷಿನ ಬರ್ಚ್, ಜರ್ಮನಿನ ಬಿರ್ಕ, ಲಿಥುವೇನಿಯನ್ನಿನ ಬೆರ್ಜಸ್, ರಷ್ಯನ್ನಿನ ಬೆರ್ಯೋಜ ಇವೆಲ್ಲ ಒಂದೇ ಮೂಲದಿಂದ ಒಡೆದ ಮಾತುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಸಾವಿರಾರು ಮೈಲಿ ದೂರ ಸರಿದ ಭಾಷೆಗಳು ಒಂದೇ ಹೆಸರಿನಿಂದ ಕರೆಯುತ್ತ ಬಂದ ಮರಗಳು ಹೆಚ್ಚಿಲ್ಲ.

ಹೆಸರು ಮತ್ತು ವರ್ಗೀಕರಣ

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಯುರೋಪಿನ ಬಿಳಿ ಬರ್ಚುಗಳನ್ನೆಲ್ಲ ಬೆಟುಲ ಆಲ್ಬ ಎಂಬ ಒಂದೇ ಹೆಸರಿನಡಿ ಸೇರಿಸಿದ್ದ. ಅದರೊಳಗೆ ಎರಡು ಬೇರೆ ಬೇರೆ ಮರಗಳಿವೆಯೆಂಬುದು ಸ್ವಲ್ಪ ತಡವಾಗಿ ಸ್ಪಷ್ಟವಾಯಿತು. ಒಣನೆಲದ ಬೆಳ್ಳಿಬರ್ಚಿಗೆ 1788ರಲ್ಲಿ ಆಲ್ಬ್ರೆಕ್ಟ್ ರೋಟ್ ಬೆಟುಲ ಪೆಂಡುಲ ಎಂದು ಹೆಸರಿಟ್ಟ. ಹಸಿನೆಲದ ರೋಮಬರ್ಚಿಗೆ 1791ರಲ್ಲಿ ಯಾಕೋಬ್ ಫ್ರೀಡ್ರಿಶ್ ಎರ್ಹಾರ್ಟ್ ಬೆಟುಲ ಪ್ಯೂಬೆಸೆನ್ಸ್ ಎಂದು ಹೆಸರಿಟ್ಟ. ಇವೆರಡರ ವರ್ಣತಂತುಗಳ ಲೆಕ್ಕವೇ ಬೇರೆ: ಬೆಳ್ಳಿಬರ್ಚಿನ ಜೀವಕೋಶದಲ್ಲಿ 28, ರೋಮಬರ್ಚಿನಲ್ಲಿ ಅದರ ಇಮ್ಮಡಿ, 56. ಇಷ್ಟು ಅಂತರವಿದ್ದರೂ ಎರಡೂ ಕೂಡಿ ಬೆಳೆಯುವ ಕಡೆ ಒಂದರ ಗುಣಗಳು ಇನ್ನೊಂದಕ್ಕೆ ಸೇರಿಕೊಳ್ಳುವುದುಂಟು. ಹೀಗಾಗಿ ನಡುಗುಣದ ಮರ ಎದುರಾದಾಗ ಪಳಗಿದ ಸಸ್ಯಶಾಸ್ತ್ರಜ್ಞರೂ ತಕ್ಷಣ ತೀರ್ಮಾನ ಹೇಳುವುದಿಲ್ಲ.

ಗುರುತು

ಎರಡನ್ನೂ ಬೇರ್ಪಡಿಸಲು ಒಂದು ಎಳೆಗೊಂಬೆಯನ್ನು ಬೆರಳುಗಳ ನಡುವೆ ಹಿಡಿದು ನೋಡುವುದು ಸುಲಭದ ದಾರಿ. ಬೆಳ್ಳಿಬರ್ಚಿನ ಕೊಂಬೆಯಲ್ಲಿ ರೋಮವಿಲ್ಲ; ಅಂಟುದ್ರವದ ಪುಟ್ಟ ಗಂಟುಗಳು ಬೆರಳಿಗೆ ತರಿತರಿಯಾಗಿ ಸಿಗುತ್ತವೆ. ರೋಮಬರ್ಚಿನ ಕೊಂಬೆ ಮಖಮಲ್ಲಿನಂತೆ ಮೃದು. ಬೆಳಕಿಗೆ ಅಡ್ಡ ಹಿಡಿದರೆ ಅಂಚಿನುದ್ದಕ್ಕೂ ನವಿರು ಮಿನುಗುತ್ತದೆ. ಬೆಳ್ಳಿಬರ್ಚಿನ ಎಲೆಯ ಬುಡ ಸಪಾಟಾಗಿ ಕತ್ತರಿಸಿದಂತಿದ್ದು, ಅಂಚಿನ ದೊಡ್ಡ ಹಲ್ಲುಗಳ ಮೇಲೆ ಮತ್ತೆ ಚಿಕ್ಕ ಹಲ್ಲುಗಳಿರುತ್ತವೆ. ರೋಮಬರ್ಚಿನ ಎಲೆ ಹೆಚ್ಚು ದುಂಡಗೆ, ಹಲ್ಲುಗಳು ಸಾಮಾನ್ಯವಾಗಿ ಒಂದೇ ಅಳತೆಯವು. ಬೆಳ್ಳಿಬರ್ಚಿನ ತುದಿಗೊಂಬೆಗಳು ಜೋಲುತ್ತವೆ, ರೋಮಬರ್ಚಿನವು ನೆಟ್ಟಗೆ ಅಥವಾ ಅಡ್ಡಡ್ಡ ಚಾಚುತ್ತವೆ.

ಒಳ್ಳೆಯ ನೆಲದಲ್ಲಿ ರೋಮಬರ್ಚ್ 20 ಮೀಟರಿನವರೆಗೆ ಏರುತ್ತದೆ. ತೊಗಟೆ ಬಿಳಿಗಿಂತ ಬೂದಿಯ ಕಡೆಗೆ ವಾಲುತ್ತದೆ. ಅದರ ಮೇಲೆ ಅಡ್ಡಗೀಟುಗಳಂತೆ ಕಾಣುವ ಸೀಳುಗಳಿಗೆ ಲೆಂಟಿಸೆಲ್ ಎಂದು ಹೆಸರು. ಕಾಂಡಕ್ಕೂ ಹೊರಗಿನ ಗಾಳಿಗೂ ಸಂಪರ್ಕ ಇವುಗಳ ಮೂಲಕ. ತೊಗಟೆಯ ಬಿಳುಪಿಗೆ ಕಾರಣ ಬೆಟುಲಿನ್ ಎಂಬ ವಸ್ತು. ಇದನ್ನು 1788ರಲ್ಲಿ ರಷ್ಯದಲ್ಲಿ ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರಜ್ಞ ಟೋಬಿಯಾಸ್ ಲೋವಿಟ್ಸ್ ಬೇರ್ಪಡಿಸಿದ.

ಗಂಡುಹೂ ಹೆಣ್ಣುಹೂಗಳು ಒಂದೇ ಮರದಲ್ಲಿ ಬೇರೆ ಬೇರೆ ಗೊಂಚಲುಗಳಾಗಿ ಬರುತ್ತವೆ. ಕ್ಯಾಟ್ಕಿನ್ ಎನ್ನುವ ಗಂಡುಗೊಂಚಲು ಹಿಂದಿನ ಬೇಸಗೆಯಲ್ಲೇ ರೂಪುಗೊಂಡು, ಇಡೀ ಚಳಿಗಾಲ ಬರಿಗೊಂಬೆಯ ತುದಿಯಲ್ಲಿ ಬಿಗಿದುಕೊಂಡಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಎಲೆ ಚಿಗುರುವ ಹೊತ್ತಿಗೆ ಸಡಿಲಗೊಂಡು ಜೋತುಬಿದ್ದು ಹಳದಿ ಪರಾಗವನ್ನು ಗಾಳಿಗೆ ಉದುರಿಸುತ್ತದೆ. ಜರ್ಮನಿಯಲ್ಲೋ ಸ್ವೀಡನ್ನಿನಲ್ಲೋ ನೆಲೆಸಿರುವ ಕನ್ನಡಿಗರಿಗೆ ವಸಂತದ ಸೀನು, ಕಣ್ಣುತುರಿಕೆಗಳ ಮೂಲಕ ಈ ಮರದ ಪರಿಚಯವಾಗಿರಬಹುದು. ಉತ್ತರ ಯುರೋಪಿನ ಪರಾಗ ಅಲರ್ಜಿಗಳಲ್ಲಿ ಬರ್ಚಿನದು ಮುಂಚೂಣಿಯಲ್ಲಿದೆ. ಅದರ ಪರಾಗದಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನನ್ನು ಹೋಲುವ ಪ್ರೋಟೀನು ಸೇಬಿನಲ್ಲೂ ಇದೆ. ಆದ್ದರಿಂದ ಈ ಅಲರ್ಜಿ ಇರುವ ಕೆಲವರಿಗೆ ಹಸಿ ಸೇಬು ತಿಂದರೂ ಬಾಯಿ ತುರಿಸುತ್ತದೆ.

ನೀರಿನ ನಡುವೆ ಬದುಕು

ಜೌಗುನೆಲದಲ್ಲಿ ಮರಕ್ಕೆ ಎದುರಾಗುವ ಮೊದಲ ಕಷ್ಟ ಉಸಿರಿನದು. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವನ್ನೆಲ್ಲ ನೀರು ತುಂಬಿಕೊಂಡಾಗ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಎರಡನೆಯ ಕಷ್ಟ ಆಹಾರದ್ದು. ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡುತ್ತ ಹೋಗಿ ಆಗುವ ಕಪ್ಪುಕಂದು ಮಣ್ಣೇ ಪೀಟ್. ಅದು ಹುಳಿಮಣ್ಣು, ಅದರಲ್ಲಿ ಸಾರಜನಕ ರಂಜಕಗಳು ಸುಲಭವಾಗಿ ದಕ್ಕುವುದಿಲ್ಲ. ಮೂರನೆಯದು ಸ್ಫ್ಯಾಗ್ನಮ್ ಎಂಬ ಹಾವಸೆಯ ಪೈಪೋಟಿ. ತನ್ನ ತೂಕದ ಹತ್ತಾರು ಪಟ್ಟು ನೀರು ಹಿಡಿದಿಟ್ಟುಕೊಳ್ಳುವ ಈ ಹಾವಸೆ ವರ್ಷ ವರ್ಷವೂ ಮೇಲೇರುತ್ತದೆ. ಅದಕ್ಕಿಂತ ನಿಧಾನವಾಗಿ ಬೆಳೆದ ಸಸಿ ಹಾವಸೆಯೊಳಗೇ ಹೂತುಹೋಗುತ್ತದೆ.

ಈ ಮೂರು ಕಷ್ಟಗಳಿಗೂ ರೋಮಬರ್ಚಿನಲ್ಲಿ ಒಂದೊಂದು ಉಪಾಯವಿದೆ. ಬೇರುಗಳು ಆಳಕ್ಕಿಳಿಯದೆ ಮೇಲ್ಪದರದಲ್ಲೇ ಅಗಲಕ್ಕೆ ಹರಡುತ್ತವೆ. ಸುತ್ತಲಿನ ನೀರಿಗಿಂತ ಗೇಣೆತ್ತರದಲ್ಲಿರುವ ದಿಬ್ಬವೋ, ಕೊಳೆತ ಮರದ ಮೋಟೋ ಸಿಕ್ಕರೆ ಸಸಿ ಅಲ್ಲಿ ನೆಲೆ ಕಂಡುಕೊಳ್ಳುತ್ತದೆ. ಆಹಾರದ ಕೊರತೆಯನ್ನು ಬೇರಿನೊಡನೆ ಕೂಡಿಬಾಳುವ ಶಿಲೀಂಧ್ರಗಳು ತುಂಬಿಕೊಡುತ್ತವೆ. ಅವುಗಳ ಎಳೆಗಳು ಬೇರು ತಲುಪಲಾರದ ಸಂದುಗಳಿಂದ ಪೋಷಕಾಂಶ ತಂದುಕೊಟ್ಟು, ಬದಲಿಗೆ ಮರದಿಂದ ಸಕ್ಕರೆ ಪಡೆಯುತ್ತವೆ. ಹಾವಸೆಯ ಪೈಪೋಟಿಗೆ ಉತ್ತರ ಬೀಜದ ಸಂಖ್ಯೆ. ಎರಡು ಪಾರದರ್ಶಕ ರೆಕ್ಕೆಗಳಿರುವ ಇದರ ಬೀಜ ಎಷ್ಟು ಹಗುರವೆಂದರೆ ಒಂದು ಗ್ರಾಂ ತೂಗಲು ಸಾವಿರಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಒಂದೆರಡು ಸರಿಯಾದ ದಿಬ್ಬಕ್ಕೆ ಬಿದ್ದರೂ ಸಾಕು.

ಆದರೂ ತೆರೆದ ಜೌಗಿನ ನಟ್ಟನಡುವೆ ಬೆಳವಣಿಗೆ ಬಹಳ ನಿಧಾನ. ಅಲ್ಲಿ ಹತ್ತಾರು ವರ್ಷ ಕಂಡ ಮರವೂ ಆಳೆತ್ತರ ದಾಟದೆ ಇರಬಹುದು. ಜೌಗಿನ ಅಂಚಿಗೆ ಬಂದಂತೆ ಮರಗಳು ಎತ್ತರವಾಗಿ, ದಟ್ಟವಾಗಿ, ಆಲ್ಡರ್ ಮತ್ತು ವಿಲೋ ಮರಗಳ ಜೊತೆ ಸೇರಿ ಹಸಿಗಾಡಾಗುತ್ತವೆ. ಬರ್ಚ್ ಬಿಸಿಲು ಬೇಡುವ, ಬೇಗ ಬೆಳೆದು ಬೇಗ ಮುಗಿಯುವ ಮರ; ನೂರು ವರ್ಷ ದಾಟುವವು ಕಡಿಮೆ.

ಈ ಕಾಂಡಗಳ ಮೂಲಕ ಇನ್ನೊಂದು ವ್ಯವಹಾರವೂ ನಡೆಯುತ್ತದೆ. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರಿನ ಫ್ಲಿಟ್‌ವಿಕ್ ಮೂರ್ ಎಂಬ ಜೌಗುಗಾಡಿನಲ್ಲಿ ಆಲ್ಡರ್ ಮತ್ತು ರೋಮಬರ್ಚುಗಳ ಕಾಂಡಗಳಿಗೆ ಪೆಟ್ಟಿಗೆ ಕಟ್ಟಿ ಅಳೆದ ಸಂಶೋಧಕರು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಸರಿನಲ್ಲಿ ಹುಟ್ಟುವ ಮೀಥೇನ್ ಅನಿಲದ ಒಂದು ಪಾಲು ಮರದೊಳಗಿಂದ ಹಾದು ತೊಗಟೆಯ ಮೂಲಕ ಹೊರಬರುತ್ತದೆಂದು ಅದರಿಂದ ಗೊತ್ತಾಯಿತು. ನೆಲದ ಮೇಲ್ಮೈಯನ್ನಷ್ಟೇ ಅಳೆಯುವ ಲೆಕ್ಕದಲ್ಲಿ ಈ ಪಾಲು ಸೇರುವುದಿಲ್ಲ.

ವ್ಯಾಪ್ತಿ

ಸ್ಕಾಟ್ಲೆಂಡಿನ ಮಲೆನಾಡು, ಐರ್ಲೆಂಡಿನ ಜೌಗುಗಳ ಅಂಚು, ಸ್ಕ್ಯಾಂಡಿನೇವಿಯ, ಬಾಲ್ಟಿಕ್ ತೀರ, ರಷ್ಯದ ಬಯಲುಗಳು ರೋಮಬರ್ಚಿನ ತವರು. ಗ್ರೀನ್‌ಲೆಂಡಿನ ದಕ್ಷಿಣದ ಕಣಿವೆಗಳಲ್ಲೂ ಅದು ಇದೆ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರದಲ್ಲಿ ಮರಗಳ ಕೊನೆಯ ಗಡಿಯನ್ನು ಕಾಯುವುದು ಇದರ ಗಿಡ್ಡ, ಸೊಟ್ಟಕಾಂಡದ ಉಪಪ್ರಭೇದ. ಅಲ್ಲಿ ಸುಮಾರು ಹತ್ತು ವರ್ಷಕ್ಕೊಮ್ಮೆ ಎಪಿರಿಟ ಎಂಬ ಪತಂಗದ ಹುಳುಗಳು ವಿಪರೀತ ಹೆಚ್ಚಿ ಎಲೆಗಳನ್ನು ಬೋಳಾಗಿಸುತ್ತವೆ. 1960ರ ದಶಕದಲ್ಲಿ ಫಿನ್ಲೆಂಡಿನ ಉತ್ಸ್ಯೋಕಿ ಪ್ರದೇಶದಲ್ಲಿ ಹೀಗೆ ಒಣಗಿದ ಬರ್ಚುಗಾಡಿನ ದೊಡ್ಡ ಭಾಗ ಮತ್ತೆ ಕಾಡಾಗಲೇ ಇಲ್ಲ.

ಐಸ್‌ಲೆಂಡಿನ ಮಟ್ಟಿಗೆ ಬರ್ಚ್ ಎಂದರೇ ಕಾಡು. ಅಲ್ಲಿ ಸಹಜವಾಗಿ ಕಾಡು ಕಟ್ಟುವ ಮರ ಇದೊಂದೇ. ಜನ ಮೊದಲು ಬಂದು ನೆಲೆಸಿದಾಗ ಬೆಟ್ಟಕ್ಕೂ ಕಡಲಿಗೂ ನಡುವೆ ನೆಲವೆಲ್ಲ ಕಾಡಿತ್ತೆಂದು 12ನೆಯ ಶತಮಾನದ ಇತಿಹಾಸಕಾರ ಆರಿ ಥೋರ್ಗಿಲ್ಸನ್ ದಾಖಲಿಸಿದ್ದಾನೆ. ಸೌದೆ, ಇದ್ದಿಲು, ಕುರಿ ಮೇಯಿಸುವಿಕೆಗಳಿಂದ ಅದು ಕರಗುತ್ತ ಬಂದು ಈಗ ದೇಶದ ಶೇಕಡ 1.5ರಷ್ಟು ನೆಲದಲ್ಲಿ ಉಳಿದಿದೆ. ಅದನ್ನು ಉಳಿಸಲು 1907ರಲ್ಲಿ ಕಾನೂನು ಬಂತು.

ಹಸಿನೆಲದ ಇತರ ಬರ್ಚುಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದ ಹೊಳೆದಂಡೆಗಳಲ್ಲಿ ಬೆಟುಲ ನೈಗ್ರ ಅಥವಾ ಹೊಳೆಬರ್ಚ್ ಬೆಳೆಯುತ್ತದೆ. ಅದರ ತೊಗಟೆ ದಾಲ್ಚಿನ್ನಿ ಬಣ್ಣದ ಕಾಗದದ ಹಾಳೆಗಳಂತೆ ಸುರುಳಿ ಸುರುಳಿಯಾಗಿ ಎದ್ದಿರುತ್ತದೆ. ಹೆಚ್ಚಿನ ಬರ್ಚುಗಳ ಬೀಜ ಬೇಸಗೆಯ ಕೊನೆಗೋ ಶರತ್ಕಾಲಕ್ಕೋ ಮಾಗಿದರೆ ಇದರದು ವಸಂತದ ಕೊನೆಗೇ ಮಾಗುತ್ತದೆ. ನೆರೆ ಇಳಿದು ಹಸಿ ಮರಳದಂಡೆ ತೆರೆದುಕೊಳ್ಳುವುದೂ ಆ ಹೊತ್ತಿಗೇ. ಅಲ್ಲಿ ಬಿದ್ದ ಬೀಜ ತಡವಿಲ್ಲದೆ ಮೊಳೆಯುತ್ತದೆ. ಉತ್ತರ ಅಮೆರಿಕದ ಬೆಟುಲ ಪ್ಯುಮಿಲ ಜೌಗಿನ ಪೊದೆ. ಉತ್ತರ ಧ್ರುವದ ಸುತ್ತಲಿನ ಬೆಟುಲ ನಾನ ಮೊಣಕಾಲೆತ್ತರದ ಕುಳ್ಳು ಗಿಡ, ಎಲೆ ಬೆರಳಿನ ಉಗುರಿನಷ್ಟು. ಪೋಲೆಂಡಿನ ಬಿಯೆಬ್ಜ ನದಿಯ ಜೌಗಿನಲ್ಲಿ ಬೆಟುಲ ಹ್ಯುಮಿಲಿಸ್ ಎಂಬ ಅಪರೂಪದ ಪೊದೆಬರ್ಚ್ ಉಳಿದುಕೊಂಡಿದೆ.

ಒಡನಾಡಿ ಜೀವಿಗಳು

ಬ್ರಿಟನ್ನಿನಲ್ಲಿ ಬರ್ಚುಗಳನ್ನು ನೆಚ್ಚಿದ ಕೀಟಪ್ರಭೇದಗಳು 300ಕ್ಕೂ ಹೆಚ್ಚು. ಚಳಿಗಾಲದಲ್ಲಿ ರೆಡ್‌ಪೋಲ್, ಸಿಸ್ಕಿನ್ ಹಕ್ಕಿಗಳ ಗುಂಪು ಕೊಂಬೆಯ ತುದಿಗೆ ತಲೆಕೆಳಗಾಗಿ ಜೋತು ಬೀಜ ಹೆಕ್ಕುತ್ತದೆ. ಕೆಳಗಿನ ಹಿಮದ ಮೇಲೆ ಹಕ್ಕಿಯಾಕಾರದ ಪುಟ್ಟ ಹೊಟ್ಟುಗಳು ಚೆಲ್ಲಾಡಿರುತ್ತವೆ. ಬುಡದಲ್ಲಿ ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯ ವಿಷದ ಅಣಬೆ ಅಮಾನಿಟ ಮಸ್ಕೇರಿಯ ಏಳುತ್ತದೆ. ಇದೂ ಬೇರಿನ ಗೆಳೆಯರ ಗುಂಪಿನದೇ. ಕೊಂಬೆಗಳ ನಡುವೆ ಕಾಗೆಗೂಡಿನಂತೆ ಕಾಣುವ ಕಡ್ಡಿಗಳ ಗೊಂಚಲು ಹಕ್ಕಿ ಕಟ್ಟಿದ್ದಲ್ಲ. ಟಫ್ರಿನ ಬೆಟುಲಿನ ಎಂಬ ಶಿಲೀಂಧ್ರ ಸೋಕಿದಾಗ ಮರ ಒಂದೇ ಕಡೆ ಲೆಕ್ಕವಿಲ್ಲದಷ್ಟು ಕಡ್ಡಿ ಒಡೆಯುತ್ತದೆ.

ಮುಪ್ಪಿನ ಮರಕ್ಕೆ ಹತ್ತುವ ಬರ್ಚ್ ಪಾಲಿಪೋರ್ ಅಣಬೆ ಮನುಷ್ಯನಿಗೂ ಹಳೆಯ ಪರಿಚಯ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, 5,000 ವರ್ಷಕ್ಕೂ ಹಿಂದಿನ ಓಟ್ಸಿ ಎಂಬ ಮನುಷ್ಯನ ಬಳಿ ಈ ಅಣಬೆಯ ಎರಡು ತುಂಡುಗಳು ತೊಗಲಿನ ಪಟ್ಟಿಗೆ ಪೋಣಿಸಿದಂತೆಯೇ ಇದ್ದವು. ಬರ್ಚ್ ತೊಗಟೆಯ ಎರಡು ಡಬ್ಬಿಗಳೂ ಅವನ ಸಾಮಾನಿನಲ್ಲಿದ್ದವು.

ಜೌಗು ಕಾಪಿಟ್ಟ ಚರಿತ್ರೆ

ಬೇರಿಗೆ ಉಸಿರು ಕಟ್ಟಿಸುವ ನಿಂತ ನೀರೇ ಕೊಳೆಸುವ ಜೀವಿಗಳಿಗೂ ಉಸಿರು ಕಟ್ಟಿಸುತ್ತದೆ. ಇದರಿಂದಾಗಿ ಬರ್ಚಿನ ಕಡ್ಡಿ, ತೊಗಟೆ, ಪರಾಗಗಳು ಜೌಗಿನ ಒಡಲಲ್ಲಿ ಸಾವಿರಾರು ವರ್ಷ ಉಳಿದಿವೆ. 1916ರಲ್ಲಿ ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್, ಪೀಟಿನ ಪದರಗಳಲ್ಲಿರುವ ಪರಾಗವನ್ನು ಎಣಿಸಿ ಹಿಂದಿನ ಕಾಡುಗಳನ್ನು ಗುರುತಿಸುವ ವಿಧಾನವನ್ನು ವಿದ್ವಾಂಸರ ಮುಂದಿಟ್ಟ. ಸುಮಾರು 11,700 ವರ್ಷಗಳ ಹಿಂದೆ ಹಿಮಯುಗ ಮುಗಿದ ಮೇಲೆ ಉತ್ತರ ಯುರೋಪಿನ ಬರಿನೆಲವನ್ನು ಮೊದಮೊದಲು ಆವರಿಸಿದ ಮರಗಳಲ್ಲಿ ಬರ್ಚ್ ಪ್ರಮುಖವಾದದ್ದೆಂದು ಈ ಎಣಿಕೆಗಳು ತಿಳಿಸಿದವು.

ಇಂಗ್ಲೆಂಡಿನ ಯಾರ್ಕ್‌ಶೈರಿನ ಸ್ಟಾರ್ ಕಾರ್ ಅಂಥ ಬರ್ಚುಗಾಡಿನ ಅಂಚಿನಲ್ಲಿ, ಕೆರೆಯ ದಡದಲ್ಲಿ ಬೇಟೆಗಾರರು ಬಾಳಿದ ಜಾಗ. 1949ರಿಂದ 1951ರವರೆಗೆ ಪುರಾತತ್ತ್ವಜ್ಞ ಗ್ರಹಾಂ ಕ್ಲಾರ್ಕ್ ಅಲ್ಲಿ ಅಗೆದಾಗ ಪೀಟಿನೊಳಗೆ ಬರ್ಚಿನ ಕಟ್ಟಿಗೆಯೂ ಸುತ್ತಿಟ್ಟ ತೊಗಟೆಯ ಸುರುಳಿಗಳೂ ಸಿಕ್ಕವು. ಡೆನ್ಮಾರ್ಕಿನ ಲೋಲಂಡ್ ದ್ವೀಪದ ಕೆಸರಿನಲ್ಲಿ ದೊರೆತದ್ದು ಇನ್ನೂ ಚಿಕ್ಕ ವಸ್ತು: ತೊಗಟೆಯನ್ನು ಕಾಯಿಸಿ ತೆಗೆದ ಅಂಟಿನ, ಯಾರೋ ಅಗಿದು ಉಗಿದ ತುಣುಕು. 5,700 ವರ್ಷ ಹಳೆಯ ಆ ಅಂಟಿನಿಂದ 2019ರಲ್ಲಿ ವಿಜ್ಞಾನಿಗಳು ಒಬ್ಬಾಕೆಯ ಪೂರ್ಣ ಜೀನೋಮನ್ನೇ ಓದಿದರು. ಕಪ್ಪು ಮೈಬಣ್ಣ, ಗಾಢ ಕಂದು ಕೂದಲು, ನೀಲಿ ಕಣ್ಣು ಆಕೆಯದು; ಬಾತುಕೋಳಿ ಮತ್ತು ಹೇಝೆಲ್ ಕಾಯಿಯ ಡಿಎನ್‌ಎ ಕೂಡ ಅದರಲ್ಲಿತ್ತು.

ರಷ್ಯದ ನೊವ್‌ಗರೊದ್ ನಗರದ ಹಸಿಮಣ್ಣು ಕೊಟ್ಟದ್ದು ಇಡೀ ಪಟ್ಟಣದ ಮಾತುಕತೆಯನ್ನು. 1951ರ ಜುಲೈ 26ರಂದು ಪುರಾತತ್ತ್ವಜ್ಞ ಅರ್ತ್ಸಿಹೋವ್‌ಸ್ಕಿಯವರ ನೇತೃತ್ವದ ಉತ್ಖನನದಲ್ಲಿ ನೀನಾ ಅಕುಲೋವಾ ಎಂಬ ಕೆಲಸಗಾರ್ತಿಗೆ ಬರ್ಚ್ ತೊಗಟೆಯ ಮೇಲೆ ಬರೆದ ಮೊದಲ ಪತ್ರ ಸಿಕ್ಕಿತು. ಅಂದಿನಿಂದ ಆ ನಗರವೊಂದರಲ್ಲೇ 1,100ಕ್ಕೂ ಹೆಚ್ಚು ಪತ್ರಗಳು ದೊರೆತಿವೆ. ಸಾಲದ ಲೆಕ್ಕ, ಮನೆವಾರ್ತೆ, ಮದುವೆಯ ಮಾತು, ದೂರು ದುಮ್ಮಾನ ಎಲ್ಲವೂ ಅವುಗಳಲ್ಲಿವೆ. 13ನೆಯ ಶತಮಾನದ ಓನ್ಫಿಮ್ ಎಂಬ ಪುಟ್ಟ ಹುಡುಗ ಅಕ್ಷರ ತಿದ್ದುತ್ತ ತಿದ್ದುತ್ತ ಬೇಸರವಾದಾಗ ಕುದುರೆಯೇರಿದ ವೀರನ ಚಿತ್ರ ಗೀಚಿ, ಪಕ್ಕದಲ್ಲಿ ತನ್ನದೇ ಹೆಸರು ಬರೆದಿದ್ದಾನೆ. ನೊವ್‌ಗರೊದಿನವರು ಸಾಮಾನ್ಯವಾಗಿ ಮಸಿ ಬಳಸದೆ ಮೊನಚು ಕಡ್ಡಿಯಿಂದ ತೊಗಟೆಯ ಮೇಲೆ ಕೊರೆದು ಬರೆಯುತ್ತಿದ್ದರು. ಕರ್ನಾಟಕದ ಲಿಪಿಕಾರರು ಕಂಠದಿಂದ ತಾಳೆಗರಿಯ ಮೇಲೆ ಕೊರೆದದ್ದೂ ಹೀಗೆಯೇ.

ಹಿಮಾಲಯದ ಭೂರ್ಜದ ಕಥೆ ಇದಕ್ಕೆ ತಿರುವುಮುರುವು. 1825ರಲ್ಲಿ ಡೇವಿಡ್ ಡಾನ್ ಬೆಟುಲ ಯುಟಿಲಿಸ್, ಅಂದರೆ ಉಪಯುಕ್ತ ಬರ್ಚ್ ಎಂದು ಹೆಸರಿಸಿದ ಆ ಮರ ಜೌಗಿನದ್ದಲ್ಲ. ಹಿಮ ಕರಗಿ ತೇವವಾಗುವ ಎತ್ತರದ ಇಳಿಜಾರುಗಳದ್ದು. ಗಂಗೋತ್ರಿಯಾಚೆಯ ಭೋಜಬಾಸಾ ಎಂಬ ಸ್ಥಳನಾಮ ಇದರಿಂದಲೇ ಬಂದದ್ದು. ಹಿಮಾಲಯದ ಕಡೆಯವರು ಅದರ ತೊಗಟೆಯ ಮೇಲೆ ಮಸಿಯಿಂದ ಬರೆದರು. 1881ರಲ್ಲಿ ಸಿಕ್ಕ ಬಕ್ಷಾಲಿ ಗಣಿತದ ಹಸ್ತಪ್ರತಿ, 1931ರಲ್ಲಿ ಸಿಕ್ಕ ಗಿಲ್ಗಿಟ್ ಹಸ್ತಪ್ರತಿಗಳು ಭೂರ್ಜಪತ್ರದವೇ. ಕಾಳಿದಾಸನ ವಿಕ್ರಮೋರ್ವಶೀಯದಲ್ಲಿ ಊರ್ವಶಿ ಪ್ರೇಮಪತ್ರ ಬರೆಯುವುದೂ ಭೂರ್ಜದ ಮೇಲೆ. ಗಿಲ್ಗಿಟ್‌ನಲ್ಲಿ ತೊಗಟೆಯನ್ನು ಉಳಿಸಿದ್ದು ಒಣಚಳಿ, ನೊವ್‌ಗರೊದಿನಲ್ಲಿ ಗಾಳಿಯಾಡದ ಕೆಸರು.

ಬಳಕೆ

ಬರ್ಚಿನ ತೊಗಟೆ ಹಸಿಯಿದ್ದಾಗಲೂ ಹೊತ್ತಿಕೊಳ್ಳುವುದರಿಂದ ಮಳೆಯ ನಡುವೆ ಒಲೆ ಹಚ್ಚಲು ಅದಕ್ಕಿಂತ ಒಳ್ಳೆಯದು ಉತ್ತರದ ಕಾಡುಗಳಲ್ಲಿ ಸಿಗುವುದಿಲ್ಲ. ಅದು ನೀರು ಹೀರುವುದಿಲ್ಲ. ಹೀಗಾಗಿ ಬುಟ್ಟಿ, ಡಬ್ಬಿ, ಮಾಡಿನ ಹೊದಿಕೆಗಳಿಗೆ ಒದಗಿದೆ. ವಸಂತದಲ್ಲಿ ಎಲೆ ಚಿಗುರುವ ಮುನ್ನ ಬೇರಿನ ಒತ್ತಡದಿಂದ ಕಾಂಡಕ್ಕೆ ಏರುವ ತಿಳಿರಸವನ್ನು ಫಿನ್ಲೆಂಡಿನಿಂದ ಉಕ್ರೇನಿನವರೆಗೆ ಜನ ಇಳಿಸಿಕೊಂಡು ಕುಡಿಯುತ್ತಾರೆ. ಕಾಂಡಕ್ಕೆ ಸಣ್ಣ ತೂತು ಕೊರೆದು ನಳಿಕೆ ಸಿಕ್ಕಿಸಿ ಕೆಳಗೆ ಪಾತ್ರೆ ಕಟ್ಟಿದರೆ ಹನಿಹನಿಯಾಗಿ ತುಂಬುತ್ತದೆ. ನೋಡಲು ನೀರೇ, ನಾಲಿಗೆಗೆ ತುಸು ಸಿಹಿ. ಫಿನ್ಲೆಂಡಿನ ಸೌನಾದಲ್ಲಿ ಬೆವರುತ್ತ ಮೈಗೆ ಬಡಿದುಕೊಳ್ಳುವ ಸೊಪ್ಪಿನ ಕಟ್ಟು ಬರ್ಚಿನದೇ.

ನೀರು ಇಳಿದಾಗ

ತೆರೆದ ಜೌಗಿನ ಮೇಲೆ ಬರ್ಚ್ ಇದ್ದಕ್ಕಿದ್ದಂತೆ ದಟ್ಟವಾಯಿತೆಂದರೆ ಅಲ್ಲಿ ನೀರಿನ ಮಟ್ಟ ಇಳಿದಿದೆಯೆಂದು ತಿಳಿಯಬೇಕು. ಕಾಲುವೆ ತೋಡಿ ನೀರು ಬಸಿದ ಕೂಡಲೆ ಹಾವಸೆ ಸೊರಗುತ್ತದೆ, ಪೀಟಿನೊಳಗೆ ಗಾಳಿ ನುಗ್ಗುತ್ತದೆ, ಹಗುರ ಬೀಜಗಳು ಸುಲಭವಾಗಿ ಬೇರೂರುತ್ತವೆ. ಬೆಳೆದ ಮರಗಳು ಮತ್ತಷ್ಟು ನೀರು ಹೀರಿ ನೆಲವನ್ನು ಇನ್ನೂ ಒಣಗಿಸುತ್ತವೆ. ಫಿನ್ಲೆಂಡ್ ತನ್ನ ಜೌಗುಗಳ ಅರ್ಧಕ್ಕೂ ಹೆಚ್ಚನ್ನು ಮರ ಬೆಳೆಸಲೆಂದು ಬಸಿದಿದೆ. ಆ ನೆಲಗಳಲ್ಲಿ ಪೈನ್ ಮರಗಳ ಜೊತೆ ರೋಮಬರ್ಚ್ ತಾನಾಗಿ ಎದ್ದಿದೆ.

ಈ ಬದಲಾವಣೆಯನ್ನು ಕಣ್ಣಾರೆ ಕಾಣಬೇಕಾದರೆ ಇಂಗ್ಲೆಂಡಿನ ಕೇಂಬ್ರಿಜ್‌ಶೈರಿನ ಹೋಮ್ ಫೆನ್‌ಗೆ ಹೋಗಬೇಕು. ಅದರ ಪಕ್ಕದಲ್ಲಿದ್ದ ವಿಟ್ಲ್‌ಸಿ ಮಿಯರ್ ತಗ್ಗುನಾಡಿನ ಇಂಗ್ಲೆಂಡಿನ ಅತಿ ದೊಡ್ಡ ಸರೋವರಗಳಲ್ಲೊಂದು. 1851ರಲ್ಲಿ ಅದನ್ನು ಬರಿದುಮಾಡಲಾಯಿತು. ಅದೇ ವರ್ಷ ಲಂಡನ್ನಿನ ಮಹಾಪ್ರದರ್ಶನದಲ್ಲಿ ಹೆಸರಾದ ಆಪೊಲ್ಡ್ ಪಂಪನ್ನು ನೀರೆತ್ತಲು ಬಳಸಿದರು. ನೆಲ ಕುಸಿಯುತ್ತದೆಂಬ ಅಂದಾಜಿದ್ದ ಜಮೀನುದಾರ ವಿಲಿಯಂ ವೆಲ್ಸ್, ಪೀಟನ್ನು ತೂರಿ ಕೆಳಗಿನ ಜೇಡಿಮಣ್ಣಿನಲ್ಲಿ ನೆಲೆನಿಲ್ಲುವಂತೆ ಒಂದು ಎರಕದ ಕಬ್ಬಿಣದ ಕಂಬ ಹೂಳಿಸಿದ. ಅದರ ತಲೆ ಆಗ ನೆಲಕ್ಕೆ ಸಮವಾಗಿತ್ತು. ಮೊದಲ ಹತ್ತು ವರ್ಷಗಳಲ್ಲೇ ಒಂದು ಮೀಟರಿಗೂ ಹೆಚ್ಚು ಹೊರಬಂತು. ಇಂದು ಅದರ ಪಕ್ಕ ನಿಂತವರು ಕತ್ತೆತ್ತಿ ನೋಡಬೇಕು. ಸುಮಾರು ನಾಲ್ಕು ಮೀಟರ್ ಕಂಬ ಮೇಲಿದೆ. ಕಂಬ ಏರಿದ್ದಲ್ಲ, ಸುತ್ತಲಿನ ನೆಲ ಇಳಿದದ್ದು. ನೀರು ಹೋದ ಪೀಟ್ ಮೊದಲು ಕುಗ್ಗಿತು, ಆಮೇಲೆ ಗಾಳಿ ತಾಗಿ ಇಂಗಾಲದ ಡೈಆಕ್ಸೈಡಾಗಿ ಕರಗಿತು. ಈಗ ಆ ಜಾಗ ಸಮುದ್ರಮಟ್ಟಕ್ಕಿಂತ ಸುಮಾರು 2.75 ಮೀಟರ್ ಕೆಳಗಿದ್ದು ಬ್ರಿಟನ್ನಿನ ಅತ್ಯಂತ ತಗ್ಗಿನ ತಾಣಗಳಲ್ಲೊಂದಾಗಿದೆ. ಕಂಬದ ಸುತ್ತ ತಗ್ಗುನಾಡಿನ ಬ್ರಿಟನ್ನಿನಲ್ಲೇ ಹಿರಿದೆನಿಸಿದ ಬರ್ಚುಗಾಡಿದೆ. ಒಣಗಿದ ಪೀಟಿನ ಮೇಲೆ ಬೆಳ್ಳಿಬರ್ಚಿನದೇ ಮೇಲುಗೈ.

ಸಂರಕ್ಷಣೆ

ಭೂಮಿಯ ನೆಲದಲ್ಲಿ ಶೇಕಡ 3ರಷ್ಟಿರುವ ಪೀಟ್ ನೆಲಗಳು ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿವೆ. ಆದ್ದರಿಂದ ಜೌಗಿನ ಬರ್ಚನ್ನು ಕಾಯುವುದೋ ಕಡಿಯುವುದೋ ಎಂಬ ಪ್ರಶ್ನೆಗೆ ಎಲ್ಲ ಕಡೆಗೂ ಒಂದೇ ಉತ್ತರವಿಲ್ಲ. ನೀರಿನ ಮಟ್ಟ ಕೆಡದೆ, ಹಾವಸೆಯ ನಡುವೆ ವಿರಳವಾಗಿ ಬೆಳೆದ ಜೌಗುಗಾಡನ್ನು ಯುರೋಪಿನ 1992ರ ಆವಾಸ ನಿರ್ದೇಶನ ಆದ್ಯತೆಯಿಂದ ಕಾಪಾಡಬೇಕಾದ ನೆಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಬಸಿಗಾಲುವೆಯ ಕಾರಣದಿಂದ ತೆರೆದ ಜೌಗಿಗೆ ನುಗ್ಗಿದ ಬರ್ಚನ್ನು ಮಾತ್ರ ಸಂರಕ್ಷಕರೇ ಕಡಿದು ತೆಗೆಯುತ್ತಾರೆ. ಆದರೆ ಕಾಲುವೆ ತೆರೆದೇ ಇದ್ದರೆ ಕಡಿದ ಮೋಟು ಮತ್ತೆ ಚಿಗುರುತ್ತದೆ, ಗಾಳಿ ಹೊಸ ಬೀಜ ತರುತ್ತದೆ. ಹಾಗಾಗಿ ಮೊದಲು ಪೀಟಿನ ಒಡ್ಡು, ಹಲಗೆಗಳಿಂದ ಕಾಲುವೆ ಮುಚ್ಚಿ ನೀರನ್ನು ಮೇಲೆ ತರುವುದು ರೂಢಿಗೆ ಬಂದಿದೆ.

ನೀರು ಏರಿದ ಮೇಲೆ ಎಷ್ಟೋ ಮರಗಳು ನಿಂತಲ್ಲೇ ಸಾಯುತ್ತವೆ. ಒಳಗಿನ ಮರ ಮೆತ್ತಗಾದರೂ ಬೆಟುಲಿನ್ ತುಂಬಿದ ತೊಗಟೆ ಕೊಳವೆಯಂತೆ ನಿಂತಿರುತ್ತದೆ. ಬ್ರಿಟನ್ನಿನಲ್ಲಿ 1970ರ ನಂತರ ಶೇಕಡ 90ಕ್ಕೂ ಹೆಚ್ಚು ಇಳಿದುಹೋಗಿರುವ ವಿಲೋ ಟಿಟ್ ಎಂಬ ಕಪ್ಪುತಲೆಯ ಪುಟ್ಟ ಹಕ್ಕಿಗೆ ಬೇಕಾದದ್ದು ಇಂಥದೇ ಹಸಿಗಾಡಿನ ಸತ್ತ ಬರ್ಚು. ಬ್ರಿಟನ್ನಿನ ಹೆಚ್ಚಿನ ಟಿಟ್ ಹಕ್ಕಿಗಳಂತೆ ಸಿದ್ಧ ಪೊಟರೆ ಹುಡುಕದೆ, ಅದು ಪ್ರತಿ ವಸಂತದಲ್ಲೂ ಮೆತ್ತನೆಯ ಮೋಟೊಂದನ್ನು ಆರಿಸಿ ಕೊಕ್ಕಿನಿಂದ ಗೂಡು ತೋಡುತ್ತದೆ. ತೋಡಿದ ಪುಡಿಯನ್ನು ಕೊಕ್ಕಿನಲ್ಲಿ ಹೊತ್ತು ದೂರ ಒಯ್ದು ಹಾಕುವುದೂ ಉಂಟು.